ಮೊಟ್ಟೆಯ ತಲೆಯ ಮೇಲಿನ ಗುರುತು

ನಮ್ಮ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಕೆಲವು ವರ್ಷ, ಬೇಸಿಗೆಯ ಎರಡು ಮೂರು ತಿಂಗಳು, ಅವನ ಕಿವಿಯ ಮೇಲೆ ಒಂದು ಮೊಂಡು ಪೆನ್ಸಿಲ್ ಕೂತಿರುತ್ತಿತ್ತು. ಊರಿನ ಚಹಾದಂಗಡಿಯಲ್ಲಿ ಜನ ನಗುತ್ತಿದ್ದರು. ಹರಿಗೋಲು ಹಾಕುವವನಿಗೆ ಪೆನ್ಸಿಲ್ ಏಕೆ, ಹೊಳೆಯ ಮೇಲೆ ಲೆಕ್ಕ ಬರೆಯುತ್ತಾನೆಯೇ ಎಂದು. ಅಪ್ಪ ಅವರಿಗೆ ಉತ್ತರ ಹೇಳುತ್ತಿರಲಿಲ್ಲ. ಆ ಪೆನ್ಸಿಲ್ ಇದ್ದದ್ದು ಮೊಸಳೆಯ ಮೊಟ್ಟೆಯ ಮೇಲೆ ಗುರುತು ಹಾಕುವುದಕ್ಕೆ.

ಈ ಸಂಚಿಕೆಯ ಓದುಗರಲ್ಲಿ ಹೆಚ್ಚಿನವರು ಕಾಸರಗೋಡಿನ ಕಡೆಯವರು. ನಾನು ಇನ್ನೊಂದು ಗಡಿಯವನು. ಹೊಗೆನಕಲ್ ಎಂಬ ಹೆಸರು ಕನ್ನಡದ್ದೇ, ಹೊಗೆಯಾಡುವ ಕಲ್ಲು. ಕಾವೇರಿ ಬಂಡೆಗಳ ಸಂದಿಯಲ್ಲಿ ಬಿದ್ದು ಏಳಿಸುವ ನೀರಿನ ದೂಳು ದೂರದಿಂದ ನೋಡಿದರೆ ಒಲೆ ಉರಿದಂತೆ ಕಾಣುತ್ತದೆ. ಹೆಸರು ಕನ್ನಡ, ಊರು ತಮಿಳುನಾಡಿನಲ್ಲಿ. ನಾನು ಹುಟ್ಟಿದಾಗ ನಮ್ಮದು ಸೇಲಂ ಜಿಲ್ಲೆ. ನನಗೆ ಮೂರು ವರ್ಷವಾಗುವಾಗ, 1965ರಲ್ಲಿ, ಅದು ಧರ್ಮಪುರಿ ಜಿಲ್ಲೆಯಾಯಿತು. ಎದುರು ದಡ ಕೊಳ್ಳೇಗಾಲದ ಸೀಮೆ. ಅದೂ 1956ರ ತನಕ ಮದರಾಸಿನ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಹಾಗಾಗಿ ನಮ್ಮ ಅಜ್ಜನಿಗೆ ಎರಡು ದಡವೂ ಒಂದೇ ಸರಕಾರ, ಅಪ್ಪನಿಗೆ ಎರಡು ಸರಕಾರ. ಹೊಳೆಯೊಳಗಿನ ಮೊಸಳೆಗೆ ಮಾತ್ರ ಈ ಸಂಗತಿ ಯಾರೂ ತಿಳಿಸಲಿಲ್ಲ. ಅದು ಮಧ್ಯಾಹ್ನ ಕರ್ನಾಟಕದಲ್ಲಿ ಬಿಸಿಲು ಕಾಯಿಸಿಕೊಂಡು ಸಂಜೆ ತಮಿಳುನಾಡಿನಲ್ಲಿ ಮೀನು ಹಿಡಿಯುತ್ತಿತ್ತು. ತಮಿಳರು ಅದನ್ನು ಮುದಲೈ ಎನ್ನುತ್ತಾರೆ, ನಿಮ್ಮ ನೆರೆಯ ಮಲಯಾಳಿಗಳು ಮುದಲ ಎನ್ನುತ್ತಾರೆ, ನಾವು ಮೊಸಳೆ ಎನ್ನುತ್ತೇವೆ. ಒಂದೇ ತಾಯಿಯ ಮೂರು ಮಕ್ಕಳು ಒಂದೇ ಹೆಸರನ್ನು ಮೂರು ಬಗೆಯಾಗಿ ಕೂಗಿದ ಹಾಗಿದೆ.

ಅಪ್ಪ ಮೊಸಳೆಯನ್ನು ಮೊದಲು ಕಂಡದ್ದು ಸಂರಕ್ಷಣೆ ಮಾಡುವುದಕ್ಕಲ್ಲ. ಇದನ್ನು ಮುಚ್ಚಿಡಬಾರದು. ಅವನು ಹುಡುಗನಾಗಿದ್ದಾಗ, ಮದುವೆಯಾದ ಹೊಸದರಲ್ಲಿಯೂ, ಬಯಲುಸೀಮೆಯಿಂದ ಬಂದೂಕಿನವರು ಬರುತ್ತಿದ್ದರು. ಅಮಾವಾಸ್ಯೆಯ ಹತ್ತಿರದ ರಾತ್ರಿಗಳಲ್ಲಿ ಅಪ್ಪ ಅವರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಮಡುವಿನಿಂದ ಮಡುವಿಗೆ ಹೋಗುತ್ತಿದ್ದ. ಬ್ಯಾಟರಿ ಬೆಳಕು ಬಿಟ್ಟರೆ ಮೊಸಳೆಯ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಎರಡು ಕಣ್ಣಿನ ನಡುವಿನ ಅಂತರ ನೋಡಿ ಅದು ಎಷ್ಟು ಉದ್ದದ್ದು ಎಂದು ಅಪ್ಪ ಹೇಳಬಲ್ಲವನಾಗಿದ್ದ. ಹರಿಗೋಲು ಸದ್ದು ಮಾಡದೆ ತಿರುಗುತ್ತದೆ, ಹುಟ್ಟು ಹಾಕುವ ಕೈ ಪಳಗಿದ್ದರೆ ನೀರು ಮಿಸುಕುವುದಿಲ್ಲ. ಸತ್ತ ಮೊಸಳೆಯಲ್ಲಿ ಅವರಿಗೆ ಬೇಕಾಗಿದ್ದದ್ದು ಹೊಟ್ಟೆಯ ಭಾಗದ ಮೆತ್ತನೆಯ ಚರ್ಮ. ಬೆನ್ನಿನ ಮುಳ್ಳುಚಕ್ಕೆಗೆ ಬೆಲೆಯಿಲ್ಲ. ಉಪ್ಪು ತಿಕ್ಕಿ, ಚಾಪೆಯ ಹಾಗೆ ಸುತ್ತಿ ಒಯ್ಯುತ್ತಿದ್ದರು. ಎಲ್ಲಿಯೋ ಯಾರದೋ ಕೈಚೀಲವಾಗಿ, ಬೂಟಾಗಿ, ಸೊಂಟದ ಪಟ್ಟಿಯಾಗಿ ಅದು ತಿರುಗಾಡುತ್ತಿತ್ತು. ಅಪ್ಪನಿಗೆ ರಾತ್ರಿಯ ಕೂಲಿ ಸಿಗುತ್ತಿತ್ತು. ನನ್ನ ಅಕ್ಕನ ಕಿವಿಯ ಓಲೆ ಅಂಥ ರಾತ್ರಿಗಳಿಂದ ಬಂದದ್ದು ಎಂದು ಅಮ್ಮ ಹೇಳಿದ್ದುಂಟು.

ಕೊನೆಕೊನೆಗೆ ಇಡೀ ರಾತ್ರಿ ಸುತ್ತಿದರೂ ಒಂದು ಜೊತೆ ಕೆಂಡ ಕಾಣುತ್ತಿರಲಿಲ್ಲವಂತೆ. ಕಾನೂನು ಬರುವ ಮೊದಲೇ ಬಂದೂಕಿನವರು ಬರುವುದನ್ನು ನಿಲ್ಲಿಸಿದ್ದರು. ಹೊಡೆಯುವುದಕ್ಕೆ ಏನೂ ಉಳಿದಿರಲಿಲ್ಲ ಎಂಬುದೇ ಕಾರಣ.

ಕಾನೂನು ಬಂದದ್ದು 1972ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಂದು ಅದರ ಹೆಸರು. ಅದರಲ್ಲಿ ಪ್ರಾಣಿಗಳನ್ನು ಪಟ್ಟಿಗಳಾಗಿ ವಿಂಗಡಿಸಿದ್ದಾರೆ. ಮೊದಲನೆಯ ಪಟ್ಟಿಯಲ್ಲಿರುವುದು ಎಲ್ಲಕ್ಕಿಂತ ಹೆಚ್ಚಿನ ರಕ್ಷಣೆ ಪಡೆದ ಜೀವಗಳು, ಹುಲಿ, ಆನೆ, ಮೊಸಳೆ ಮುಂತಾದವು. ಒಂದು ದೇಶದಿಂದ ಇನ್ನೊಂದಕ್ಕೆ ಇಂಥ ಪ್ರಾಣಿಯ ಚರ್ಮ ಸಾಗಿಸುವುದನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದವೂ 1975ರಲ್ಲಿ ಜಾರಿಗೆ ಬಂತು. ಅದೇ ವರ್ಷ ಭಾರತ ಸರಕಾರ ವಿಶ್ವಸಂಸ್ಥೆಯ ನೆರವಿನಿಂದ ಮೊಸಳೆ ಯೋಜನೆಯನ್ನು ಆರಂಭಿಸಿತು. ನಮ್ಮ ದೇಶದಲ್ಲಿ ಮೂರು ಜಾತಿಯ ಮೊಸಳೆಗಳಿವೆ. ಗಂಗೆಯ ಕಡೆಯ ಉದ್ದ ಮೂತಿಯ ಘಡಿಯಾಲ್, ಕಡಲಂಚಿನ ಉಪ್ಪುನೀರಿನ ಮೊಸಳೆ, ಕೆರೆ ಹೊಳೆಗಳ ನಮ್ಮ ಮಗರ್ ಮೊಸಳೆ. ಮೂರೂ ಮುಗಿದುಹೋಗುವ ಹಂತದಲ್ಲಿದ್ದವು. ಯೋಜನೆಯ ಉಪಾಯ ಸರಳವಾಗಿತ್ತು. ಹೊಳೆಯ ದಂಡೆಯಿಂದ ಮೊಟ್ಟೆ ತರುವುದು, ಕಾವಲಿನಲ್ಲಿಟ್ಟು ಮರಿ ಮಾಡುವುದು, ಮರಿಗಳು ನಾಲ್ಕಡಿ ಉದ್ದವಾಗುವ ತನಕ ತೊಟ್ಟಿಯಲ್ಲಿ ಸಾಕುವುದು, ಆಮೇಲೆ ಹೊಳೆಗೆ ಬಿಡುವುದು. ಏಕೆಂದರೆ ಹೊಳೆಯಲ್ಲಿ ಹುಟ್ಟಿದ ಮರಿಗಳಲ್ಲಿ ದೊಡ್ಡದಾಗುವವು ಬೆರಳೆಣಿಕೆಯಷ್ಟು. ಮೊಟ್ಟೆಯನ್ನು ಉಡ ತಿನ್ನುತ್ತದೆ, ಹಂದಿ ತಿನ್ನುತ್ತದೆ, ಮುಂಗುಸಿ ತಿನ್ನುತ್ತದೆ. ಮರಿಯನ್ನು ಹದ್ದು, ಕೊಕ್ಕರೆ, ದೊಡ್ಡ ಮೀನು, ಕೆಲವು ಸಲ ದೊಡ್ಡ ಮೊಸಳೆಯೇ ನುಂಗುತ್ತದೆ.

ಮೊಟ್ಟೆ ಎಲ್ಲಿದೆ ಎಂದು ಯಾರಿಗೆ ಗೊತ್ತು? ಕಚೇರಿಯಲ್ಲಿ ಕೂತವರಿಗೆ ಗೊತ್ತಿರಲಿಲ್ಲ. ಬಂದೂಕಿನವರನ್ನು ಕೂರಿಸಿಕೊಂಡು ಹೋದವನಿಗೆ ಗೊತ್ತಿತ್ತು.

ಹೀಗೆ ಅಪ್ಪ ದಿನಗೂಲಿಗೆ ಸೇರಿದ. ನಾನಾಗ ಹೈಸ್ಕೂಲಿನಲ್ಲಿದ್ದೆ. ಸಾಹೇಬರೊಬ್ಬರು ತಂದ ಕಾಗದವನ್ನು ಅಪ್ಪ ನನ್ನ ಮುಂದೆ ಹಿಡಿದ. ತಮಿಳಿನಲ್ಲಿತ್ತು. ನಾನು ಓದಿ ಕನ್ನಡದಲ್ಲಿ ಹೇಳಿದೆ. ಮೊಸಳೆಯನ್ನು ಕೊಲ್ಲಬಾರದು, ಹಿಡಿಯಬಾರದು, ಅದರ ಚರ್ಮ ಮಾರಬಾರದು, ಮೊಟ್ಟೆ ಮುಟ್ಟಬಾರದು, ಮಾಡಿದರೆ ಜೈಲು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊಟ್ಟೆ ಮುಟ್ಬಾರ್ದು ಅಂತಾನೇ ಬರ್ದವ್ರಾ? ಸರಿಯಾಗಿ ನೋಡ್ಲಾ. ಮುಟ್ಟಾಕೇ ಅಲ್ವಾ ನನ್ನ ಕರ್ದಿರಾದು?” ಎಂದ. ಸಾಹೇಬರಿಗೆ ತಮಿಳಿನಲ್ಲಿ ಹೇಳಿದಾಗ ಅವರು ಜೋರಾಗಿ ನಕ್ಕರು. ಅಪ್ಪ ನಗಲಿಲ್ಲ. ಹಿಂದೆ ಮಾಡಿದ್ದಕ್ಕೂ ಜೈಲು ಉಂಟೇ ಎಂದು ಅವನಿಗೆ ಒಳಗೊಳಗೇ ಹೆದರಿಕೆ ಇತ್ತು ಎಂಬುದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು.

ಮಾಘ ಫಾಲ್ಗುಣದ ಹೊತ್ತಿಗೆ ಹೊಳೆ ಇಳಿದು ಬಂಡೆಗಳ ನಡುವೆ ಮರಳ ದಿಬ್ಬಗಳು ಎದ್ದು ನಿಲ್ಲುತ್ತವೆ. ತಾಯಿ ಮೊಸಳೆ ರಾತ್ರಿ ಮೇಲೆ ಬಂದು, ಹಿಂಗಾಲಿನಿಂದ ಮೊಳದಷ್ಟು ಆಳದ ಗುಂಡಿ ತೋಡಿ, ಇಪ್ಪತ್ತೈದೋ ಮೂವತ್ತೋ ಮೊಟ್ಟೆಯಿಟ್ಟು, ಮರಳು ಮುಚ್ಚಿ, ಹೊಟ್ಟೆಯಿಂದ ತಟ್ಟಿ ಸಮ ಮಾಡಿ ಹೋಗುತ್ತದೆ. ಬೆಳಗ್ಗೆ ನೋಡಿದವರಿಗೆ ಏನೂ ಕಾಣುವುದಿಲ್ಲ. ಅಪ್ಪ ಬಾಗಿ, ಕಣ್ಣು ಕಿರಿದು ಮಾಡಿ, ಮರಳ ಮೇಲೆ ಎಳೆದುಹೋದ ಬಾಲದ ಗೆರೆ ಹುಡುಕುತ್ತಿದ್ದ. ಆಮೇಲೆ ಸಣ್ಣ ಕಡ್ಡಿಯಿಂದ ಮೆಲ್ಲಗೆ ಚುಚ್ಚಿ ನೋಡುತ್ತಿದ್ದ. ಕಡ್ಡಿ ಸಲೀಸಾಗಿ ಇಳಿದರೆ ಅಲ್ಲಿ ಅಗೆದು ಮುಚ್ಚಿದ ಮರಳು. ಮತ್ತೆ ಕೈಯಿಂದಲೇ ತೋಡುವುದು. ಗುದ್ದಲಿ ತಾಗಿಸುವಂತಿಲ್ಲ.

ಮೊದಲ ಮೊಟ್ಟೆ ಕಂಡ ಕೂಡಲೇ ಪೆನ್ಸಿಲ್ ಕಿವಿಯಿಂದ ಇಳಿಯುತ್ತಿತ್ತು. ಮೊಟ್ಟೆ ಮರಳಿನಲ್ಲಿ ಹೇಗೆ ಮಲಗಿದೆಯೋ ಹಾಗೆಯೇ ಇರುವಾಗ ಅದರ ಮೇಲ್ಭಾಗಕ್ಕೆ ಒಂದು ಗೀಟು. ಕೋಳಿ ತನ್ನ ಮೊಟ್ಟೆಯನ್ನು ದಿನಕ್ಕೆ ಹತ್ತು ಸಲ ಹೊರಳಿಸುತ್ತದೆ, ಏನೂ ಆಗುವುದಿಲ್ಲ. ಮೊಸಳೆಯ ಮೊಟ್ಟೆ ಹಾಗಲ್ಲ. ಇಟ್ಟ ಒಂದೆರಡು ದಿನದಲ್ಲಿ ಒಳಗಿನ ಪಿಂಡ ಮೇಲ್ಗಡೆಯ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಆಮೇಲೆ ತಲೆಕೆಳಗು ಮಾಡಿದರೆ ಸತ್ತಿತು. ಪೆಟ್ಟಿಗೆಯಲ್ಲಿ ಆ ದಿಬ್ಬದ್ದೇ ಮರಳು ತುಂಬಿ, ಗೀಟು ಮೇಲೆ ಬರುವ ಹಾಗೆ ಒಂದೊಂದನ್ನೇ ಇಡುವುದು. ರಜೆಯಲ್ಲಿ ನಾನೂ ಜೊತೆಗೆ ಹೋಗಿದ್ದೇನೆ. “ತಿರುಗಿಸ್ಬ್ಯಾಡ ಕಣ್ ಮಗಾ, ತಲೆ ಮ್ಯಾಲಿರಾದು ತಲೆ ಮ್ಯಾಲೇ ಇರ್ಬೇಕು” ಎನ್ನುವುದು ಅಪ್ಪನ ಒಂದೇ ಪಾಠ. ನಾನು ಮುಂದೆ ಮೂವತ್ತು ವರ್ಷ ಕನ್ನಡ ಶಾಲೆಯ ಮಾಸ್ತರನಾಗಿದ್ದೆ. ಅಷ್ಟು ಚೆನ್ನಾಗಿ ಒಂದು ಪಾಠವನ್ನೂ ಮಾಡಿದ ನೆನಪಿಲ್ಲ.

ಹೊಳೆ ದಂಡೆಯಿಂದ ಪೆಟ್ಟಿಗೆಯನ್ನು ಅಪ್ಪ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ, ಕುಲುಕಾಡದ ಹಾಗೆ. ತುಂಬಿದ ಬಸುರಿಯನ್ನು ಗಾಡಿಯಲ್ಲಿ ಕರೆದೊಯ್ಯುವಾಗಿನ ನಿಧಾನ. ಎರಡು ತಿಂಗಳ ಹೊತ್ತಿಗೆ ಮೊಟ್ಟೆಯೊಳಗಿನಿಂದ ಮರಿಗಳು ಕೂಗುವುದು ಹೊರಗೆ ಕೇಳಿಸುತ್ತದೆ. ಬಾತುಕೋಳಿಯ ಮರಿ ಗಂಟಲು ಕಟ್ಟಿಕೊಂಡು ಕರೆದ ಹಾಗೆ. ಹೊಳೆಯಲ್ಲಾದರೆ ತಾಯಿ ಆ ಕೂಗು ಕೇಳಿ ಬಂದು ಮರಳು ಕೆದರಿ, ಮರಿಗಳನ್ನು ಬಾಯಲ್ಲಿ ಎತ್ತಿಕೊಂಡು ನೀರಿಗೆ ಒಯ್ಯುತ್ತದೆ. ಅಷ್ಟು ದೊಡ್ಡ ಹಲ್ಲಿನ ಸಾಲಿನೊಳಗೆ ಗೇಣುದ್ದದ ಮರಿ! ಇಲ್ಲಿ ತಾಯಿಯ ಕೆಲಸ ಅಪ್ಪನಿಗೆ. ಅವನು ಏಳೆಂಟು ಬೇಸಿಗೆ ಈ ಕೆಲಸ ಮಾಡಿದ. ತಮಿಳುನಾಡಿನಲ್ಲಿ ಅಮರಾವತಿ, ಸಾತನೂರು, ನಮ್ಮ ಹೊಗೆನಕಲ್, ಹೀಗೆ ಅಲ್ಲಲ್ಲಿ ಸಾಕುವ ತೊಟ್ಟಿಗಳಾದವು. ಮದರಾಸಿನ ಹತ್ತಿರ ಕಡಲ ದಂಡೆಯಲ್ಲಿ ರೊಮುಲಸ್ ವಿಟೇಕರ್ ಅವರು 1976ರಲ್ಲಿ ಮೊಸಳೆ ಬ್ಯಾಂಕ್ ಎಂದೇ ಒಂದನ್ನು ಕಟ್ಟಿದರು. ಬ್ಯಾಂಕಿನಲ್ಲಿ ದುಡ್ಡಿಟ್ಟ ಹಾಗೆ ಮೊಸಳೆ ಇಟ್ಟು ಬಡ್ಡಿ ಬೆಳೆಸುವುದು ಎಂದು ಅಪ್ಪನಿಗೆ ವಿವರಿಸಿದೆ. “ನಮ್ಗೆ ಯಾವ ಬ್ಯಾಂಕೂ ಸಾಲ ಕೊಡಾಕಿಲ್ಲ” ಎಂದ.

ಇನ್ನು ಬರೆಯಬೇಕಾದದ್ದನ್ನು ಬರೆಯುವುದು ಕಷ್ಟ.

1987ರ ಬೇಸಿಗೆ. ನನಗೆ ಆಗಲೇ ಕೆಲಸವಾಗಿ ಹೊಸೂರಿನ ಕಡೆ ಇದ್ದೆ. ರಜೆಗೆ ಊರಿಗೆ ಬಂದಿದ್ದೆ. ನನ್ನ ತಮ್ಮನಿಗೆ ಹದಿನೇಳು. ಜಲಪಾತದಿಂದ ಕೆಳಗೆ, ನೀರು ನಿಂತ ಹಾಗೆ ಕಾಣುವ ಒಂದು ಮಡುವಿನಲ್ಲಿ ಮುಂಜಾನೆ ಬಲೆ ಎತ್ತಲು ಅಪ್ಪನೂ ಅವನೂ ಹೋಗಿದ್ದರು. ಅಪ್ಪ ಹರಿಗೋಲಿನಲ್ಲಿ, ತಮ್ಮ ತೊಡೆಯುದ್ದ ನೀರಿನಲ್ಲಿ. ಬಲೆಯಲ್ಲಿ ಮೀನು ಒದ್ದಾಡುತ್ತಿತ್ತು. ಮೊಸಳೆ ಬಂದದ್ದು ಮೀನಿಗೋ ಇವನಿಗೋ ಹೇಳುವವರಿಲ್ಲ. ಬಲಗಾಲಿನ ಮೀನಖಂಡವನ್ನು ಹಿಡಿಯಿತು. ತಮ್ಮ ಕೂಗಲೂ ಇಲ್ಲವಂತೆ, “ಅಪ್ಪಾ” ಎಂದು ಮೆಲ್ಲಗೆ ಕರೆದನಂತೆ, ಏನನ್ನೋ ತೋರಿಸಲು ಕರೆದ ಹಾಗೆ. ಅಪ್ಪ ಹುಟ್ಟಿನಿಂದ ಅದರ ಮೂತಿಗೆ ಬಡಿದ, ಹುಟ್ಟು ಮುರಿಯಿತು, ಮುರಿದ ತುಂಡಿನಿಂದ ಕಣ್ಣಿಗೆ ತಿವಿದ. ಅದು ಬಿಟ್ಟಿತು. ನಾನು ಹೋಗುವಾಗ ದಡದಲ್ಲಿ ಅಪ್ಪ ತನ್ನ ಪಂಚೆ ಹರಿದು ಕಟ್ಟುತ್ತಿದ್ದ. ಪಂಚೆ ಯಾವ ಬಣ್ಣದ್ದೆಂದು ಗೊತ್ತಾಗುತ್ತಿರಲಿಲ್ಲ.

ಜೀಪಿನಲ್ಲಿ ಪೆನ್ನಾಗರಕ್ಕೆ, ಅಲ್ಲಿಂದ ಧರ್ಮಪುರಿಗೆ. ಎರಡು ತಿಂಗಳು ಆಸ್ಪತ್ರೆ. ಕಾಲು ಉಳಿಯಿತು, ಖಂಡ ಉಳಿಯಲಿಲ್ಲ. ಇವತ್ತಿಗೂ ಅವನು ಎಡಗಾಲಿನ ಮೇಲೆ ಭಾರ ಹಾಕಿ ನಡೆಯುತ್ತಾನೆ. ಪರಿಹಾರ ಎಂಬ ಪದ ಆಗ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಕೇಳಬಹುದು ಎಂದೇ ತಿಳಿದಿರಲಿಲ್ಲ. ಅಮ್ಮ ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತಳು.

ಮೂರನೆಯ ದಿನ ಊರಿನ ಹುಡುಗರು ಸೇರಿದರು. ಬಂಡೆ ಒಡೆಯುವ ತೋಟೆ ಯಾರ ಬಳಿಯೋ ಇತ್ತು. ಸತ್ತ ಆಡಿನ ಹೊಟ್ಟೆಯಲ್ಲಿ ಅದನ್ನಿಟ್ಟು ಮಡುವಿಗೆ ಬಿಟ್ಟರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಮೊಸಳೆ ಯಾವ ಗವಿಯಲ್ಲಿ ಮಲಗುತ್ತದೆ ಎಂದು ತೋರಿಸಲು ಮಾತ್ರ ಅಪ್ಪ ಬೇಕಾಗಿತ್ತು. ನಾನೂ ಅವರ ಜೊತೆಗೇ ಇದ್ದೆ. ಮಾಸ್ತರನಾಗಿ ಕಾನೂನು ತಿಳಿದವನು ಹಾಗಿರಬಾರದಿತ್ತು ಎಂದು ನೀವು ಹೇಳಬಹುದು. ತಮ್ಮನ ಕಾಲು ನೀವು ನೋಡಿರಲಿಲ್ಲ. ಅಂದಹಾಗೆ ಕಾನೂನಿನಲ್ಲಿಯೂ ಒಂದು ಕಿಟಕಿ ಇದೆ. ತನ್ನ ಜೀವವನ್ನೋ ಇನ್ನೊಬ್ಬರ ಜೀವವನ್ನೋ ಉಳಿಸಲು ಆ ಕ್ಷಣದಲ್ಲಿ ಪ್ರಾಣಿಗೆ ಹೊಡೆದರೆ ಅದು ಅಪರಾಧವಲ್ಲ. ಅಪ್ಪ ಹುಟ್ಟಿನಿಂದ ಹೊಡೆದದ್ದು ಆ ಕಿಟಕಿಯೊಳಗೆ ಬರುತ್ತದೆ. ಮೂರು ದಿನ ಕಳೆದ ಮೇಲೆ ಇಡುವ ತೋಟೆ ಬರುವುದಿಲ್ಲ. ಮನುಷ್ಯರಿಗೆ ನಿಜಕ್ಕೂ ಅಪಾಯಕಾರಿಯಾದ ಪ್ರಾಣಿಯನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರದು, ಮಡುವಿನ ದಡದಲ್ಲಿ ಬೀಡಿ ಸೇದುತ್ತ ನಿಂತ ನಮ್ಮದಲ್ಲ.

ಅಪ್ಪ ಒಂದು ರಾತ್ರಿಯಿಡೀ ಹೊರಗೆ ಕೂತಿದ್ದ. ಬೆಳಗಾಗುವಾಗ ನನ್ನನ್ನು ಕರೆದು ಒಂದು ಮಾತು ಕೇಳಿದ. “ಅದು ನಾನು ಹೊತ್ತ ಮೊಟ್ಟೇದೇ ಇರ್ಬೋದಾ?”

ನಾನು ಲೆಕ್ಕ ಹಾಕಿದೆ. ಹತ್ತು ವರ್ಷದ ಹಿಂದಿನ ಮೊಟ್ಟೆಯಾದರೆ ಮೊಸಳೆ ಏಳೆಂಟಡಿ ಇರಬಹುದು. ತಮ್ಮನನ್ನು ಹಿಡಿದದ್ದೂ ಹೆಚ್ಚು ಕಡಿಮೆ ಅಷ್ಟೇ ಇತ್ತು ಎಂದು ಅವನೇ ಹೇಳಿದ್ದ. ಇರಲಾರದು ಎನ್ನಲು ನನ್ನ ಬಳಿ ಏನೂ ಇರಲಿಲ್ಲ, ಇದೆ ಎನ್ನಲೂ ಇರಲಿಲ್ಲ. “ಹೊಳೆಯಲ್ಲಿ ಹುಟ್ಟಿದ್ದೂ ಇರಬಹುದಲ್ಲಪ್ಪ” ಎಂದೆ. ಅವನು ತಲೆಯಾಡಿಸಿದ. ಒಪ್ಪಿದ್ದೋ ಇಲ್ಲವೋ ತಿಳಿಯಲಿಲ್ಲ. ಹುಡುಗರಿಗೆ ಗವಿ ತೋರಿಸಲು ಅವನು ಹೋಗಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ಜೈಲಿನ ಹೆದರಿಕೆ ಎಂದು ಊರವರು ಅಂದುಕೊಂಡರು, ನನ್ನ ಅಮ್ಮನೂ ಸೇರಿ. ಅಮ್ಮ ಎಷ್ಟೋ ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ಮುಂದಿನ ಬೇಸಿಗೆಗೆ ಮೊಟ್ಟೆಯ ಕೆಲಸಕ್ಕೆ ಕರೆ ಬಂದಾಗ ಅಪ್ಪ ಬರುವುದಿಲ್ಲ ಎಂದ. ಪೆನ್ಸಿಲ್ ಮಾಡಿನ ಹಂಚಿನ ಸಂದಿಯಲ್ಲಿ ಬಹಳ ಕಾಲ ಇತ್ತು.

ಆಮೇಲಿನ ಕೆಲವು ವರ್ಷ ನಮ್ಮ ಕಾಡಿನಲ್ಲಿ ಮೊಸಳೆಯ ಸುದ್ದಿ ಯಾರಿಗೂ ಬೇಕಾಗಿರಲಿಲ್ಲ. ವೀರಪ್ಪನ್ನಿನ ಕಾಲ. ಅವನ ಊರು ಗೋಪಿನಾಥಂ ನಮ್ಮ ಎದುರಿನ ದಡಕ್ಕೆ ದೂರವೇನಲ್ಲ. 2004ರಲ್ಲಿ ಧರ್ಮಪುರಿಯ ಹತ್ತಿರ ಅವನು ಸಾಯುವವರೆಗೆ ಎರಡು ರಾಜ್ಯದ ಪೊಲೀಸರಿಗೂ ನಮ್ಮಂಥ ಕಾಡಂಚಿನವರ ಮೇಲೆ ಸಂಶಯ, ನಮಗೆ ಎಲ್ಲರ ಮೇಲೂ ಸಂಶಯ. ಅಷ್ಟರಲ್ಲಿ ದೇಶದಲ್ಲಿ ಮೊಸಳೆ ಯೋಜನೆಯ ಕಥೆಯೇ ತಿರುಗಿತ್ತು. ಸಾಕಿದ ಮಗರ್ ಮೊಸಳೆಗಳು ಎಷ್ಟಾದವೆಂದರೆ ಬಿಡಲು ಹೊಳೆಯಿಲ್ಲ. ಹೊಳೆ ಇದ್ದಲ್ಲಿ ದಂಡೆಯಲ್ಲಿ ಜನ. ಜನ ಬೇಡ ಎಂದರು. ಬೇಡವೆನ್ನಲು ನಮ್ಮ ಮನೆಯಂಥ ಮನೆಗಳು ಬೇರೆ ಕಡೆಯೂ ಇದ್ದಿರಬೇಕು. 1990ರ ದಶಕದಲ್ಲಿ ಹೊಳೆಗೆ ಬಿಡುವ ಕೆಲಸ ನಿಂತಿತು. ಮದರಾಸಿನ ಬ್ಯಾಂಕಿನಲ್ಲಿ ಬಡ್ಡಿ ಅಸಲನ್ನು ಮೀರಿ ಬೆಳೆದು, ಮೊಟ್ಟೆಯೊಡೆಯದ ಹಾಗೆ ನೋಡಿಕೊಳ್ಳಬೇಕಾಯಿತು. ಕೊನೆಗೆ ಅಲ್ಲಿಂದ ಒಂದು ಸಾವಿರ ಮೊಸಳೆಗಳನ್ನು ಗುಜರಾತಿನ ಜಾಮ್‌ನಗರಕ್ಕೆ ಸಾಗಿಸುವ ಏರ್ಪಾಡಾಗಿ, ಅದರ ವಿರುದ್ಧದ ಅರ್ಜಿಯನ್ನು 2022ರಲ್ಲಿ ಮದ್ರಾಸ್ ಹೈಕೋರ್ಟು ತಳ್ಳಿಹಾಕಿತು. ಒಂದು ಕಾಲದಲ್ಲಿ ರಾತ್ರಿಯೆಲ್ಲ ಹುಡುಕಿದರೂ ಸಿಗದಿದ್ದ ಪ್ರಾಣಿ, ಲಾರಿ ಹತ್ತಿ ಊರು ಬಿಡುವಷ್ಟಾಯಿತು. ಗೆಲುವೆಂದರೆ ಗೆಲುವೇ. ಆದರೆ ಲಾರಿಯ ಚಿತ್ರವನ್ನು ಪೇಪರಿನಲ್ಲಿ ನೋಡಿದಾಗ ನನಗೆ ಪೆಟ್ಟಿಗೆ ಹೊತ್ತು ನಿಧಾನವಾಗಿ ನಡೆಯುವ ಅಪ್ಪನ ಬೆನ್ನು ಕಾಣಿಸಿತು.

ನಿಮ್ಮ ಊರಿಗೆ ನಾನು ನೆಂಟನಾದದ್ದು 2008ರಲ್ಲಿ, ಮಗಳನ್ನು ಕುಂಬಳೆಯ ಕಡೆ ಕೊಟ್ಟ ಮೇಲೆ. ಮರುವರ್ಷ ಮೊಮ್ಮಗಳ ನಾಮಕರಣಕ್ಕೆ ಅಪ್ಪನನ್ನೂ ಕರೆದುಕೊಂಡು ಬಂದೆ. ಎಂಬತ್ತರ ಹತ್ತಿರದ ಮುದುಕ. ಬೀಗರು ನಮ್ಮನ್ನು ಅನಂತಪುರದ ದೇವಸ್ಥಾನಕ್ಕೆ ಕರೆದೊಯ್ದರು. ಕೆರೆಯ ನಡುವಿನ ಆ ಗುಡಿಯನ್ನೂ ಬಬಿಯಾ ಮೊಸಳೆಯನ್ನೂ ನಿಮಗೆ ನಾನು ಪರಿಚಯಿಸಬೇಕಾಗಿಲ್ಲ. ನೈವೇದ್ಯದ ಅನ್ನ ತಿನ್ನುತ್ತದೆ, ಯಾರಿಗೂ ಏನೂ ಮಾಡುವುದಿಲ್ಲ ಎಂದು ಬೀಗರು ಭಕ್ತಿಯಿಂದ ಹೇಳುತ್ತಿದ್ದರು. ಅಂದು ಅದು ಗವಿಯ ಬಾಯಲ್ಲಿ ಮೂತಿಯಷ್ಟೇ ತೋರಿಸಿ ಮಲಗಿತ್ತು. ಅಪ್ಪ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಕಣ್ಣುಗಳ ನಡುವಿನ ಅಂತರ ಅಳೆಯುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಆಮೇಲೆ ಮೆಲ್ಲಗೆ ಕೇಳಿದ, “ಇದಕ್ಕೆ ಗಾರ್ಡು ಯಾರು?”

“ಯಾರೂ ಇಲ್ಲಪ್ಪ. ದೇವರ ಮೊಸಳೆ.”

“ಕಾಗ್ದ ಗೀಗ್ದ?”

“ಅದೂ ಇಲ್ಲ. ಕಾನೂನು ಹುಟ್ಟುವ ಮೊದಲಿನಿಂದ ಹೀಗೇ ಇದೆಯಂತೆ.”

ಅಪ್ಪ ಕೈಮುಗಿದ. ಮೊಸಳೆಗೋ, ಒಳಗಿನ ಪದ್ಮನಾಭನಿಗೋ, ಎರಡು ಕಡೆಗೂ ಒಂದೇ ದಿಕ್ಕಿನಲ್ಲಿ ಇತ್ತು. ಹೊರಡುವಾಗ ನನ್ನ ಕಿವಿಯಲ್ಲಿ ಮಾತ್ರ, ಕೆರೆಯಲ್ಲಿ ಮೀನು ಇದೆಯಲ್ಲ, ರಾತ್ರಿ ಏನು ತಿನ್ನುತ್ತದೆಂದು ಯಾರು ಕಂಡರು, ಆದರೆ ನೀನು ಬೀಗರ ಹತ್ತಿರ ಹೇಳಲು ಹೋಗಬೇಡ ಎಂದ. ಇಷ್ಟು ವರ್ಷ ನಾನು ಹೇಳಿರಲಿಲ್ಲ. ಬೀಗರು ಇದನ್ನು ಓದುತ್ತಾರೆ, ಮನ್ನಿಸಬೇಕು. ಎರಡು ವರ್ಷದ ಮೇಲೆ ಅಪ್ಪ ತೀರಿಕೊಂಡ.

ಆ ನಾಮಕರಣದ ಮೊಮ್ಮಗಳು ಹತ್ತು ವರ್ಷದವಳಾದಾಗ ರಜೆಗೆ ಹೊಗೆನಕಲ್ಲಿಗೆ ಬಂದಳು. ತೊಟ್ಟಿಗಳಲ್ಲಿ ಬಾಯಿ ತೆರೆದು ಮಲಗಿದ ಮೊಸಳೆಗಳನ್ನು ಬೇಲಿಯ ಈಚೆಯಿಂದ ನೋಡುತ್ತ, “ಅಜ್ಜಾ, ಇವು ಏನು ತಪ್ಪು ಮಾಡಿವೆ?” ಎಂದು ಕೇಳಿದಳು. ಅವಳ ಶಾಲೆಯಲ್ಲಿ ಹಿಮಕರಡಿಯ ಪಾಠವಾಗಿತ್ತಂತೆ. ಕೆನಡಾದಲ್ಲಿ ಚರ್ಚಿಲ್ ಎಂಬ ಊರಿದೆ, ಅಲ್ಲಿ ಊರೊಳಗೆ ನುಗ್ಗುವ ಹಿಮಕರಡಿಗಳನ್ನು ಹಿಡಿದು ಇಡಲು ಒಂದು ಜೈಲೇ ಇದೆ, ಇದೂ ಹಾಗೆಯೇ ಎಂದು ಅವಳ ತರ್ಕ. ನಾನು ಹುಡುಕಿ ಓದಿದೆ. ಹುಡುಗಿ ಹೇಳಿದ್ದು ನಿಜ. ಹಡ್ಸನ್ ಕೊಲ್ಲಿ ಹೆಪ್ಪುಗಟ್ಟುವ ತನಕ ಕರಡಿಯನ್ನು ಅಲ್ಲಿಟ್ಟು, ಆಮೇಲೆ ಊರಿನಿಂದ ದೂರ ಬಿಡುತ್ತಾರೆ. ಮನುಷ್ಯನ ಹತ್ತಿರ ಅನ್ನ ಸಿಗುತ್ತದೆ ಎಂಬ ರೂಢಿಯಾಗಬಾರದೆಂದು ಸೆರೆಯಲ್ಲಿ ನೀರು ಮಾತ್ರ, ಊಟವಿಲ್ಲ.

ಓದುತ್ತ ಹೋದಂತೆ ನಮ್ಮದೇ ಕಥೆಯನ್ನು ಬಿಳಿ ಬಣ್ಣದಲ್ಲಿ ಬರೆದ ಹಾಗಿತ್ತು. ಅಲ್ಲಿಯೂ ಚರ್ಮಕ್ಕಾಗಿ ಬಂದೂಕು, ವಿಮಾನದಲ್ಲಿ ಬಂದು ಮೋಜಿಗೆ ಹೊಡೆಯುವವರು. 1973ರ ನವೆಂಬರಿನಲ್ಲಿ ನಾರ್ವೆಯ ಓಸ್ಲೋದಲ್ಲಿ ಕೆನಡಾ, ಡೆನ್ಮಾರ್ಕ್, ನಾರ್ವೆ, ಅಮೆರಿಕ, ಸೋವಿಯತ್ ಒಕ್ಕೂಟ ಐದು ದೇಶಗಳು ಕೂತು ಒಪ್ಪಂದ ಮಾಡಿಕೊಂಡವು. ನಮ್ಮ ಕಾಯ್ದೆಗೂ ಅದಕ್ಕೂ ಒಂದು ವರ್ಷದ ಅಂತರ. ಅಮೆರಿಕವೂ ರಷ್ಯವೂ ಒಂದರ ಮುಖ ಒಂದು ನೋಡದ ಕಾಲದಲ್ಲಿ ಕರಡಿಯ ವಿಷಯದಲ್ಲಿ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ದೊಡ್ಡ ಸಂಗತಿ. ಕಾವೇರಿಯ ವಿಷಯದಲ್ಲಿ ನಮ್ಮ ಎರಡು ರಾಜ್ಯಗಳು ಹಾಗೆ ಕೂತದ್ದು ಕಡಿಮೆ. ಆದರೆ ಒಂದು ವ್ಯತ್ಯಾಸ ನನ್ನನ್ನು ಹಿಡಿದು ನಿಲ್ಲಿಸಿತು. ಆ ಒಪ್ಪಂದದಲ್ಲಿ ಅಲ್ಲಿನ ಮೂಲ ಜನರು ತಮ್ಮ ಪದ್ಧತಿಯಂತೆ ಬೇಟೆಯಾಡುವುದಕ್ಕೆ ಅವಕಾಶ ಉಳಿಸಿದ್ದಾರೆ. ಕೆನಡಾದಲ್ಲಿ ಇನ್ಯುಯಿಟ್ ಜನರ ಊರುಗಳಿಗೆ ವರ್ಷಕ್ಕೆ ಇಷ್ಟು ಎಂದು ಲೆಕ್ಕವಿದೆ. ಎಷ್ಟೆಂದು ತೀರ್ಮಾನಿಸುವಾಗ ಅವರ ಮಾತೂ ನಡೆಯುತ್ತದೆ. ನಾರ್ವೆಯ ಸ್ವಾಲ್‌ಬಾರ್ಡಿನಲ್ಲಿ ಮಾತ್ರ ನಮ್ಮ ಹಾಗೆ, ಯಾರೂ ಮುಟ್ಟುವಂತಿಲ್ಲ. ಅಪ್ಪನಿಗೆ ಮೊಸಳೆ ಕೊಲ್ಲುವ ಹಕ್ಕು ಬೇಕಾಗಿರಲಿಲ್ಲ. ಆದರೆ ಯಾವ ಮಡುವಿಗೆ ಎಷ್ಟು ಬಿಡಬೇಕು, ಯಾವ ಮಡುವಿನಲ್ಲಿ ಜನ ಇಳಿಯುತ್ತಾರೆ ಎಂದು ಒಂದು ಸಲ ಅವನನ್ನು ಕೇಳಿದ್ದರೆ ಹೇಳುತ್ತಿದ್ದ. ಮೊಟ್ಟೆ ಎಲ್ಲಿದೆ ಎಂದು ಅವನನ್ನು ಕೇಳಿದರು. ಮೊಸಳೆ ಎಲ್ಲಿರಬೇಕೆಂದು ಕೇಳಲಿಲ್ಲ.

ಇನ್ನೊಂದು ಸಂಗತಿ. 2008ರಲ್ಲಿ ಅಮೆರಿಕ ಹಿಮಕರಡಿಯನ್ನು ಅಪಾಯದ ಪಟ್ಟಿಗೆ ಸೇರಿಸಿದ್ದು ಬಂದೂಕಿನ ಕಾರಣಕ್ಕಲ್ಲ, ಕಾಲ ಕೆಳಗಿನ ಹಿಮ ಕರಗುತ್ತಿರುವ ಕಾರಣಕ್ಕೆ. ಕರಡಿ ಹಿಮದ ಮೇಲೆ ನಿಂತೇ ಸೀಲ್ ಹಿಡಿಯಬೇಕು. ಬಂದೂಕಿಗೆ ಬೀಗ ಹಾಕಬಹುದು, ಹಿಮಕ್ಕೆ ಯಾವ ಬೀಗ? ನಮ್ಮ ಮೊಸಳೆಗೆ ಹಿಮದ ಜಾಗದಲ್ಲಿ ಮರಳು ಇದೆ. ಮರಳ ದಿಬ್ಬವಿಲ್ಲದೆ ಗೂಡಿಲ್ಲ. ಮರಳನ್ನು ಲಾರಿಗಳು ಒಯ್ಯುತ್ತವೆ. ಉಳಿದ ದಿಬ್ಬ ಮೇಲಿನ ಅಣೆಕಟ್ಟುಗಳ ಬಾಗಿಲು ತೆರೆದು ಮುಚ್ಚುವ ಹಾಗೆ ಏಳುತ್ತದೆ, ಮುಳುಗುತ್ತದೆ. ನಮ್ಮಿಂದ ಮೇಲೆ ಬಿಳಿಗುಂಡ್ಲುವಿನಲ್ಲಿ ಹೊಳೆಯ ನೀರನ್ನು ದಿನದಿನವೂ ಅಳೆಯುತ್ತಾರೆ. ವರ್ಷಕ್ಕೆ 177.25 ಟಿಎಂಸಿ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಅಲ್ಲಿಯ ಅಳತೆಗೇ. ಒಂದು ಬೇಸಿಗೆ, ಮೊಟ್ಟೆ ಇನ್ನೂ ಮರಳಿನಲ್ಲಿರುವಾಗಲೇ ರಾತ್ರೋರಾತ್ರಿ ನೀರು ಏರಿ ದಿಬ್ಬ ಮುಳುಗಿದ್ದನ್ನು ಅಪ್ಪ ಕಂಡಿದ್ದ. ಬೆಳಗ್ಗೆ ತಾಯಿ ಮೊಸಳೆ ಆ ಜಾಗದ ಮೇಲಿನ ನೀರಿನಲ್ಲಿ ಸುಮ್ಮನೆ ತೇಲುತ್ತ ನಿಂತಿತ್ತಂತೆ. ಕೆಳಗಿನ ಗದ್ದೆಯವರಿಗೆ ನೀರು ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ನಾವೂ ಅನ್ನ ತಿನ್ನುವವರೇ.

ಮರಳಿನ ಬಿಸಿಯಲ್ಲಿ ಇನ್ನೊಂದು ಗುಟ್ಟಿದೆ. ಮೊಸಳೆಯ ಮೊಟ್ಟೆಯಲ್ಲಿ ಗಂಡೋ ಹೆಣ್ಣೋ ಎಂಬುದು ಹುಟ್ಟಿನಿಂದ ನಿಶ್ಚಯವಾಗಿರುವುದಿಲ್ಲ. ಮರಳು ಸುಮಾರು 31 ಡಿಗ್ರಿಗಿಂತ ಕೆಳಗಿದ್ದರೆ ಹೆಣ್ಣು, 32.5ರ ಹತ್ತಿರ ಬಂದರೆ ಹೆಚ್ಚಾಗಿ ಗಂಡು. ಒಂದೂವರೆ ಡಿಗ್ರಿಯಲ್ಲಿ ಹೊಳೆಯ ಮುಂದಿನ ತಲೆಮಾರು ನಿಂತಿದೆ. ಜಗತ್ತು ಬಿಸಿಯಾಗುತ್ತಿದೆ ಎಂದು ಓದುವಾಗ ನನಗೆ ಉತ್ತರ ಧ್ರುವಕ್ಕಿಂತ ಮೊದಲು ನಮ್ಮ ಮರಳ ದಿಬ್ಬವೇ ನೆನಪಾಗುತ್ತದೆ.

ಈಗ ಕಾಗದದ ಮಟ್ಟಿಗೆ ನಮ್ಮ ಮೊಸಳೆಗೆ ಎರಡು ಕಡೆಯೂ ಮನೆ ಇದೆ. ಕರ್ನಾಟಕದಲ್ಲಿ ಕಾವೇರಿ ವನ್ಯಧಾಮ 1987ರಿಂದ ಇದೆ, ತಮ್ಮನ ಕಾಲು ಹೋದ ಅದೇ ವರ್ಷ. ತಮಿಳುನಾಡು 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವನ್ನೂ 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮವನ್ನೂ ಘೋಷಿಸಿತು. ದಕ್ಷಿಣದ್ದು ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ 686 ಚದರ ಕಿಲೋಮೀಟರು. ಅದರ ಘೋಷಣೆಯಲ್ಲಿ ನೀರುನಾಯಿ, ಮೆದುಚಿಪ್ಪಿನ ಆಮೆಗಳ ಜೊತೆಗೆ ಮೊಸಳೆಯ ಹೆಸರೂ ಇದೆ. ಅದೇ ವರ್ಷದ ತಿದ್ದುಪಡಿಯಿಂದ ಮೊದಲನೆಯ ಪಟ್ಟಿಯ ಪ್ರಾಣಿಯನ್ನು ಕೊಂದವನಿಗೆ ಕನಿಷ್ಠ 25 ಸಾವಿರ ದಂಡ, ಮೂರರಿಂದ ಏಳು ವರ್ಷ ಸೆರೆ. ಗಡಿಯ ಎರಡು ಕಡೆ ಎರಡು ಭಾಷೆಯಲ್ಲಿ ಒಂದೇ ಮಾತು ಬರೆದದ್ದು ಅಪ್ಪ ಇದ್ದಿದ್ದರೆ ಓದಿ ಹೇಳುತ್ತಿದ್ದೆ.

ಬಬಿಯಾ ಸತ್ತದ್ದು 2022ರ ಅಕ್ಟೋಬರಿನಲ್ಲಿ. ಮಗಳು ಫೋನಿನಲ್ಲಿ ಅಳುತ್ತಿದ್ದಳು. ಸಾವಿರಾರು ಜನ ಬಂದಿದ್ದಾರೆ, ಹೂವು ಹಾಕುತ್ತಿದ್ದಾರೆ ಎಂದಳು. ತಮ್ಮನಿಗೆ ಹೇಳಿದೆ. ಅವನು ಈಗ ಜಲಪಾತದ ದಾರಿಯಲ್ಲಿ ಮೀನು ಹುರಿಯುವ ಅಂಗಡಿ ಇಟ್ಟಿದ್ದಾನೆ. ಪ್ರವಾಸಿಗರು ಅವನ ಕಾಲು ನೋಡಿ ಕೇಳಿದರೆ ಲಾರಿ ಅಪಘಾತ ಎನ್ನುತ್ತಾನೆ. ಮೊಸಳೆ ಎಂದರೆ ಜನ ಹರಿಗೋಲು ಹತ್ತುವುದಿಲ್ಲ, ಹರಿಗೋಲಿನವರ ಹೊಟ್ಟೆಗೆ ಕಲ್ಲು ಬೀಳುತ್ತದೆ ಎಂದು ಅವನ ಲೆಕ್ಕ. ಮೊಸಳೆ ಸತ್ತದ್ದಕ್ಕೆ ಜನ ಅಳುತ್ತಾರಂತೆ ಎಂದಾಗ ಏನೂ ಹೇಳಲಿಲ್ಲ.

ಮರುವರ್ಷ ನವೆಂಬರಿನಲ್ಲಿ ಮಗಳು ಮತ್ತೆ ಫೋನ್ ಮಾಡಿದಳು. ಅನಂತಪುರದ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿದೆ, ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ, ಜನ ನೋಡಲು ಹೋಗುತ್ತಿದ್ದಾರೆ ಎಂದಳು. ನಾನು ಅಂಗಡಿಯಲ್ಲೇ ಕೂತಿದ್ದೆ. ಫೋನ್ ಕಿವಿಯಿಂದ ತೆಗೆಯದೆ ತಮ್ಮನಿಗೆ ಹೇಳಿದೆ.

“ಎಷ್ಟು ಉದ್ದ ಅಂತೆ ಕೇಳು” ಎಂದ.

ಕೇಳಿದೆ. ಸರಿಯಾಗಿ ಕಾಣಲಿಲ್ಲ, ಕಣ್ಣು ಮಾತ್ರ ಮೇಲಿತ್ತು ಎಂದಳು.

“ಎರಡು ಕಣ್ಣಿನ ಮಧ್ಯ ಎಷ್ಟು ಜಾಗ ಇತ್ತು ಕೇಳು” ಎಂದು ತಮ್ಮ, ಕಾವಲಿಯ ಮೇಲಿನ ಮೀನನ್ನು ಮಗುಚಿ ಹಾಕಿದ.